ಗೆಣ್ಣಿನ ಅಳತೆ

ವೀಗೊ ಪೇಟೆಯ ನಾಲ್ಕನೇ ಮಹಡಿಯಲ್ಲಿ
ಕಾಫಿ ಆರುವ ಮುಂಚೆ ಮುಗಿಸಿದ್ದೆ ಅದನ್ನು:
ಬೂದಿ ಬಣ್ಣದ ಸಣಕಲು ಅಕ್ಷರ,
ಉಗುರಿನಷ್ಟಗಲ ಗುಂಡಿ,
ಎಡಕ್ಕೆ ಸವರಿದರೆ ಅಳಿಸು, ಬಲಕ್ಕೆ ಸವರಿದರೆ ಉಳಿಸು.
ಎಲ್ಲರೂ ಮೇಜಿನ ಸುತ್ತ ನಿಂತು
ಒಣ ಬೆರಳಲ್ಲಿ ಸವರಿ ಸವರಿ
ಚೆಂದವಿದೆ ಎಂದರು.
ಚೆಂದವೇ ಇತ್ತು.

ಅರೌಸಾ ಕೊಲ್ಲಿ, ಬೆಳಗಿನ ಐದು ಗಂಟೆ.
ನೀಲಗಿರಿ ತೊಲೆಗಳ ತೆಪ್ಪ,
ತೆಪ್ಪದಿಂದ ಕಡಲಿಗೆ ಇಳಿಬಿಟ್ಟ ನೂರಾರು ಹಗ್ಗ,
ಹಗ್ಗದ ಮೈತುಂಬ ಪಚ್ಚಿಲೆ ಚಿಪ್ಪು.
ಕ್ರೇನು ನರಳುತ್ತ ಒಂದನ್ನೆತ್ತಿದರೆ
ದೋಣಿಗೆ ದೋಣಿಯೇ ಪಕ್ಕಕ್ಕೆ ವಾಲುತ್ತದೆ.
ದೊಸಿಂದಾ ಮೂವತ್ತೆಂಟು ವರ್ಷದಿಂದ
ಇಲ್ಲೇ ಚಿಪ್ಪು ವಿಂಗಡಿಸಿ ಚೀಲ ಎಣಿಸುವವಳು.
ಅವಳ ಕೈಗೆ ಟ್ಯಾಬ್ಲೆಟ್ ಕೊಟ್ಟು
"ಇಲ್ಲಿ ಮುಟ್ಟಿ" ಎಂದೆ.

ಮುಟ್ಟಿದಳು. ಏನೂ ಆಗಲಿಲ್ಲ.
ಒತ್ತಿದಳು, ತಟ್ಟಿದಳು, ಕುಟ್ಟಿದಳು.
ಚಿಪ್ಪಿನಂಚಿಗೆ ಸವೆದು ಜಡ್ಡುಗಟ್ಟಿದ ಬೆರಳು;
ಇಲ್ಲೊಬ್ಬಳು ಇದ್ದಾಳೆಂದೇ
ಗಾಜಿಗೆ ಅನ್ನಿಸಲಿಲ್ಲ.
ಅಷ್ಟರಲ್ಲಿ ಹಗ್ಗದಿಂದೊಂದು ಹನಿ
ಟಪ್ಪೆಂದು ಬಿತ್ತು ಪರದೆಯ ಮೇಲೆ.
ಅದಕ್ಕೆ ಮಾತ್ರ ಮುಟ್ಟಿದರೆ ಮುನಿಯ ಹಾಗೆ
ಇಡೀ ಪುಟ ಮುದುಡಿಕೊಂಡು ಕೇಳಿತು:
"ನಲವತ್ತು ಚೀಲ ಅಳಿಸಲೆ? ಖಚಿತವೆ?"
ಇನ್ನೊಂದು ಹನಿ ಬಿತ್ತು,
ಸರಿಯಾಗಿ "ಹೌದು" ಎಂಬುದರ ಮೇಲೆ.

ಬೆಳಗಿನಿಂದ ನಾನೇ ತುಂಬಿದ್ದ ಲೆಕ್ಕ.
ಆ ಚಳಿಯಲ್ಲೂ ಬೆವರಿದೆ.
ಅವಳು ಹೊಟ್ಟೆ ಹಿಡಿದು ನಕ್ಕಳು:
"ಸಮುದ್ರವನ್ನು ಹಾಗೆಲ್ಲ ಕೇಳಬಾರದು ಹುಡುಗಾ,
ಅದು ಯಾವತ್ತೂ ಹೂಂ ಅನ್ನುತ್ತೆ."

ಅವಳ ಸೊಂಟದಲ್ಲೊಂದು ನೀಲಿ ನೈಲಾನು ದಾರ.
ಹತ್ತು ಚೀಲಕ್ಕೊಂದು ಗಂಟು.
ತಪ್ಪಿ ಹಾಕಿದ ಗಂಟು ಬಿಚ್ಚಬೇಕೆಂದರೆ
ಎರಡೂ ಕೈ ಬೇಕು, ಹಲ್ಲು ಬೇಕು,
ಬಿಚ್ಚಲೇಬೇಕೆಂಬ ಮನಸ್ಸು ಬೇಕು.
ದಿನವಿಡೀ ಆ ದಾರವನ್ನೇ ನೋಡಿದೆ.
ಐದು ವರ್ಷದ ಓದಿನಲ್ಲಿ
ಇಷ್ಟನ್ನು ಯಾರೂ ಹೇಳಿರಲಿಲ್ಲ.

ಹೊರಡುವಾಗ ಅವಳ ನಡುಬೆರಳ ಗೆಣ್ಣನ್ನು
ಕಾಗದದ ಮೇಲಿಟ್ಟು ಸುತ್ತ ಗೀಟೆಳೆದುಕೊಂಡೆ,
ಬಳೆಗಾರ ಅಳತೆ ತೆಗೆದುಕೊಂಡ ಹಾಗೆ.
ಆ ಗೀಟಿನಷ್ಟೇ ಈಗ ನನ್ನ ಗುಂಡಿ.
ಹದಿನಾರಿದ್ದದ್ದು ಮೂರಾಯಿತು,
ಮೂರೂ ಎಡತುದಿಗೆ ಬಂದವು:
ಬಲಗೈಯಲ್ಲಿ ಹಗ್ಗ ಇರುತ್ತದಲ್ಲ.
ಬಿಸಿಲಿಗೆ ಹೆದರದ ಕಪ್ಪಕ್ಷರ.
ಕ್ರೇನಿನ ಗದ್ದಲದಲ್ಲಿ ಸದ್ದು ಯಾರಿಗೆ?
ಎಣಿಸಿದೆ ಎನ್ನಲು ಒಮ್ಮೆ ನಡುಗುತ್ತದೆ, ಅಷ್ಟೆ.
ಅಳಿಸಬೇಕೆಂದರೆ ಒತ್ತಿಹಿಡಿದು
ಒಂದು ಗಂಟು ಬಿಚ್ಚುವಷ್ಟು ಹೊತ್ತು ಕಾಯಬೇಕು.
ಉದುರುವ ಹನಿಯ ಮಾತು ನಂಬಬೇಡ,
ಬಂದಷ್ಟೇ ಬೇಗ ಹೋಗುವುದನ್ನು ಬಿಟ್ಟುಬಿಡು,
ಎಂದು ಕಲಿಸಿದೆ.
ಮಕ್ಕಳ ಆಟಿಕೆಯಂತಿದೆ ಎಂದರು ಮಹಡಿಯವರು.

ಮತ್ತೆ ಹೋದಾಗ ಅವಳು ಹೊಗಳಲಿಲ್ಲ.
ಎಣ್ಣೆಡಬ್ಬಕ್ಕೆ ಒರಗಿಸಿಟ್ಟು
ಪಕ್ಕದ ಮನೆ ಕದ ತಟ್ಟುವಂತೆ
ಗೆಣ್ಣಿನಲ್ಲಿ ತಟ್ಟುತ್ತ,
ತಂಗಿಯ ಮಂಡಿ ಆಪರೇಶನ್ನಿನ ಕತೆಯನ್ನು
ಕ್ರೇನಿನ ಶುರ್ಶೊಗೆ ಕೂಗಿ ಹೇಳುತ್ತಿದ್ದಳು.
ಒಮ್ಮೆಯೂ ಪರದೆಯತ್ತ ನೋಡಲಿಲ್ಲ.
ನೋಡಲಿಲ್ಲವಲ್ಲ ಎಂದು
ಒಳಗೊಳಗೇ ಹಿಗ್ಗಿದೆ ನಾನು.

ಸಂಜೆ ದಡದಲ್ಲಿ ಲೆಕ್ಕ ತಾಳೆಹಾಕಿದರೆ
ದಾರದಲ್ಲಿ ಇಪ್ಪತ್ತೊಂದು ಗಂಟು,
ಪರದೆಯಲ್ಲಿ ಇನ್ನೂರೇ ಚೀಲ.
ಅವಳು ದಾರವನ್ನು ನಂಬಿ ಮನೆಗೆ ಹೋದಳು.

ಕತ್ತಲಾಗುವ ತನಕ ಕಟ್ಟೆಯ ಮೇಲೆ ಕೂತು
ಆ ಹತ್ತು ಚೀಲ ಹುಡುಕಿದೆ.
ಹನ್ನೊಂದು ಗಂಟೆಯ ಸುಮಾರಿಗೆ ಮಳೆ ಕವಿದಿತ್ತು,
ಅವಳು ಬೇಗ ಬೇಗ ತಟ್ಟಿದ್ದಳು.
ಹನಿಯನ್ನು ನಂಬಬೇಡ ಎಂದಿದ್ದೆನಲ್ಲ,
ಅವಸರದಲ್ಲಿದ್ದವಳನ್ನೂ ನನ್ನ ಪರದೆ
ಹನಿ ಎಂದುಕೊಂಡಿತ್ತು.

ನಿಧಾನ ತಟ್ಟಿ ಎಂದು ಹೇಳಬಹುದು.
ಹೇಳುವುದಿಲ್ಲ.
ಗೀಟೆಳೆದ ಕಾಗದ ಜೇಬಿನಲ್ಲೇ ಇದೆ, ಒದ್ದೆಯಾಗಿ.
ನಾಳೆ ಐದಕ್ಕೆ ದೋಣಿ.