ಗುರುವಾರದ ಫೋನು

ಮಗ್ಗ ಬಂದಾಗಿ ನಾಕು ವರ್ಷಾತು.
ಕಿವ್ಯಾಗಿಂದು ಬಂದಾಗಿಲ್ಲ.
ಅದಕ್ಕ ಕರೆಂಟು ಬ್ಯಾಡ, ಕಾಂಡಿ ಬ್ಯಾಡ,
ಅಮಾಸಿ ಸೂಟಿನೂ ಬ್ಯಾಡ.
ನೀಲಂನಗರದ ನಾಯಿಗೋಳು ಸೈತ ಮಲಗಿದ ಮ್ಯಾಲೆ
ಕೀಂ ಅಂತ ಒಂದ ಎಳಿ
ತಲಿಯ ಈ ಕಡಿಂದ ಆ ಕಡಿಗಿ
ಬಿಗಿದು ನಿಂದರತೈತಿ.

ಸಿವಿಲ್ ಆಸ್ಪತ್ರಿಯಾಗ ಕಿವಿ ನೋಡೊ ಹುಡುಗಿ ಮೃದುಲಾ,
ಅಕ್ಕಲಕೋಟ ಕಡಿಯಾಕಿ,
ಮರಾಠಿಯಾಗ ಸುರು ಮಾಡಿ
ನನ್ನ ಮಾರಿ ನೋಡಿ ಕನ್ನಡಕ್ಕ ಹೊಳ್ಳಿದಳು:
"ಕಾಕಾ, ಇದಕ್ಕ ಗುಳಿಗಿ ಇಲ್ಲ.
ಫೋನಿನಾಗ ಎಂಟು ವಾರದ ಪಾಠ ಅದಾವ.
ಸಪ್ಪಳ ಹೋಗಂಗಿಲ್ಲ,
ಸಪ್ಪಳದ ಕೂಡ ನಿಮ್ಮ ಜಗಳ ಹೋಗತೈತಿ."

ಜಗಳ ಅಂದದ್ದು ನನಗ ಹಿಡಿಸಲಿಲ್ಲ.
ಮೂವತ್ತೆರಡು ವರ್ಷ ಚಾದರ ನೇದು
ಕೈಸನ್ನಿಲೇ ಮಾತಾಡಿದಾಂವ ನಾನು,
ಯಾರ ಕೂಡ ಜಗಳಾಡಲಿ?

ಮೊದಲನೇ ಪಾಠ: ಉಸುರು ಎಣಸ್ರಿ.
ಎರಡನೇದು: ಸಪ್ಪಳ ಯಾವಾಗ ಹೆಚ್ಚು, ಬರೀರಿ.
ಬರದೆ. ರಾತ್ರಿ. ರಾತ್ರಿ.
ಬಾಡಿಗಿ ಕೇಳಾಕ ಬಂದಾಗ. ರಾತ್ರಿ.
ಮೂರನೇದು ತಗೀಲೇ ಇಲ್ಲ.
ಫೋನು ಸೊಸಿದು. ಬೀಡಿ ಕಟಗೋತ
ಆಕಿ ಅದರಾಗ ಧಾರಾವಾಹಿ ಕೇಳತಾಳ.
ಇದು ನೆವ ಅಂತ ನನಗೂ ಗೊತ್ತು.

ಎದುರಮನಿ ಯಂಬಯ್ಯನೂ ನನ್ನ ಹಂಗ ಕಿವಿ ಸುಟಗೊಂಡಾಂವ.
ಮುಂದಕ್ಕ, ಮುಂದಕ್ಕ ಅಂತ ಒತ್ತಿಕೋತ
ಎಂಟೂ ಪಾಠ ಎರಡ ದಿನಕ್ಕ ಮುಗಿಸಿದ.
ಫೋನು ಅವಂಗ ಚಪ್ಪಾಳಿ ತಟ್ಟೊ ಚಿತ್ರ ಕಳಿಸಿತು,
ಓಣಿ ತುಂಬ ತೋರಸಿದ.
"ಇನ್ನೂ ಕೀಂ ಅಂತೈತೇನೊ?" ಅಂದೆ.
"ಏನಂದಿ?" ಅಂದ.

ನನಗ ಮಾತ್ರ ದಿನಾ ಮುಂಜಾನಿ ಒಂದು ಹೂವು,
ಅದರ ಕೆಳಗ ಪುಸ್ತಕದ ಕನ್ನಡ:
'ನಿಮ್ಮ ದಾರಿ ಕಾಯುತ್ತಿದ್ದೇವೆ.'
ಕಾಯುತ್ತಿದ್ದೇವೆ ಅಂದರ ಯಾರ್ಯಾರು?
ಮಗ್ಗದಾಗ ಎಳಿ ಹರದರ
ತಗಡಿನ ಪಿನ್ನು ಬೀಳತೈತಿ, ಮಗ್ಗ ತಾನ ನಿಂದರತೈತಿ.
ನಿಂದ್ರೂದಕ್ಕ ಯಂತ್ರ ಸಾಕು.
ಗಂಟು ಹಾಕಾಕ
ಯಾರರ ಎದ್ದು ಬರಬೇಕು.

ಗುರುವಾರ ನಾಕಕ್ಕ ಮೃದುಲಾ ಫೋನ್ ಮಾಡಿದಳು.
"ಪಾಠ?"
"ಆತವ್ವ, ಮಾಡೇನಿ."
"ಹಂಗಾದರ ಮೂರನೇದರಾಗ ಏನೈತಿ ಹೇಳ್ರಿ."
ಸುಮ್ಮನಾದೆ. ಆಕಿನೂ ಸುಮ್ಮನಾದಳು.
ಇಬ್ಬರ ನಡುವ ಅದು, ಕೀಂ.
"ಈಗ ಕೇಳಸಾಕತ್ತೈತೇನ್ರಿ?"
"ಹೂಂ."
"ನನಗ ಕೇಳಸವಲ್ದು. ನೀವ ಹೇಳ್ರಿ, ಹೆಂಗೈತಿ?"

ಡಾಕ್ಟರು ಎಷ್ಟು ದಿನದಿಂದ ಅಂತ ಕೇಳಿದ್ದ.
ಮಾಲಕ ಪುರಾವೆ ಐತೇನು ಅಂತ ಕೇಳಿದ್ದ.
ಹೆಂಗೈತಿ ಅಂತ ಯಾರೂ ಕೇಳಿದ್ದಿಲ್ಲ.
ಅಂದೆ: ಕರೆಂಟು ಹೋಗಿ
ನೂರು ಮಗ್ಗ ಒಮ್ಮೆಲೆ ನಿಂತಾಗ,
ಹುಡುಗರು "ಓ" ಅಂತ ಒದರೂದಕಿಂತ ಮೊದಲ
ಒಂದು ಗಳಿಗಿ ಇರತೈತಲ್ಲವ್ವ,
ಆ ಗಳಿಗಿ ಮುಗಿಯವಲ್ದು.

ಅವತ್ತ ಸಂಜಿಗಿ ಸೊಸಿ ಕಡಿಂದ ಫೋನು ಇಸಗೊಂಡು
ಮೂರನೇ ಪಾಠ ಮಾಡಿದೆ.
ಮುಂದಿನ ಗುರುವಾರ ನಾಕನೇದು.
ಆಮ್ಯಾಲೆ ಆಕಿ ತಂಗಿ ಮದಿವಿಗಿ ರಜಾ ಹೋದಳು,
ಮೂರು ಗುರುವಾರ ಬರೇ ಹೂವು ಬಂದುವು,
ನಾನು ಐದನೇದರ ಹೊಸ್ತಿಲದಾಗ ಕುಂತೆ.

ತಿರುಗಿ ಬಂದು ಹೇಳಿದಳು,
ಆಕಿ ಕಂಪ್ಯೂಟರಿನಾಗ ಎಲ್ಲಾರ ಹೆಸರಿನ ಮುಂದ
ಒಂದೊಂದು ಚುಕ್ಕಿ ಐತೆಂತ.
ಯಂಬಯ್ಯಂದು ಹಸರು.
ನಂದು ಕೆಂಪು.
"ಬದಲಿ ಆಗೇತಿ ನೋಡವ್ವ" ಅಂದೆ. ನಕ್ಕಳು.
ನಗೂದು ಆ ಚುಕ್ಕಿಗಿ ಗೊತ್ತಾಗಂಗಿಲ್ಲ.

ಐದನೇದು: ಕಿಟಕಿ ತಗೀರಿ,
ಒಳಗಿನ ಸಪ್ಪಳ ಹೊರಗಿನವರ ನಡುವ ಕುಂದರಲಿ.
ನಿನ್ನೆ ರಾತ್ರಿ ತಗದೆ.
ತುಂಬಿಕಿ ಎಲಿ ಕತ್ತರಸೊ ಸೊಸಿ ಕತ್ತರಿ,
ನಳದ ಹನಿ,
ದೂರ ಅಕ್ಕಲಕೋಟ ರೋಡಿನ ಕಡಿ
ಯಾವದೋ ಒಂದು ಖರೇ ಮಗ್ಗ.
ಯಾವದು ಅಲ್ಲಿಂದು, ಯಾವದು ನಂದು
ಅಂತ ಎಳಿ ಬಿಡಸಿಕೋತ ಕುಂತೆ.

ಗುರುವಾರ ಆಕಿಗಿ ಹೇಳಬೇಕು:
ಪಾಠ ಪೂರಾ ಆಗಲಿಲ್ಲವ್ವ,
ನಡುವ ನಿದ್ದಿ ಹತ್ತಿತು.