ಕೊಸರು

ದುರ್ಗದಬೈಲಿನಲ್ಲಿ ಸಂಜೆ ಆರೂಕಾಲು.
ಬೀದಿದೀಪ ಹತ್ತಿಲ್ಲ, ಬಿಸಿಲೂ ಪೂರ್ತಿ ಹೋಗಿಲ್ಲ,
ಮಿರ್ಚಿ ಬಾಣಲೆಯ ಹೊಗೆ ದಾಟಿ ಬಂದಷ್ಟೇ ಬೆಳಕು.
ಕೊರಳಪಟ್ಟಿ ಹರಿದ ಹಳೇ ಕ್ಯಾಮೆರಾ
ಹೊಟ್ಟೆಗೆ ಆನಿಸಿಕೊಂಡು ನಿಂತಿದ್ದೇನೆ,
ಜೇಬುಗಳ್ಳನ ಹಾಗೆ, ಯಾರನ್ನೂ ನೋಡದವನ ಹಾಗೆ.

ಫಕೀರವ್ವ ತಕ್ಕಡಿ ಎತ್ತಿದಳು.
ಒಂದು ಪರಡಿಯಲ್ಲಿ ಅರ್ಧ ಕಿಲೋ ಕಲ್ಲು,
ಇನ್ನೊಂದರಲ್ಲಿ ಮುಳಗಾಯಿ.
ತೂಗಿತು, ತಡವರಿಸಿತು,
ಮುಳ್ಳು ನೆಟ್ಟಗೆ ನಿಂತಿತು.
ಒತ್ತಿದೆ.

ಸೆಕೆಂಡಿನ ಇನ್ನೂರೈವತ್ತನೇ ಒಂದು ಪಾಲು.
ಅವಳ ಹಣೆಯ ಕುಂಕುಮ, ಮುಳ್ಳು,
ಹಿಂದೆ ಗಡಿಯಾರ ರಿಪೇರಿಯ ಬೋರ್ಡು, ಒಂದೇ ಗೆರೆಯಲ್ಲಿ.
ಮೂರು ವರ್ಷ ಕಾದಿದ್ದೆ ಇಂಥದ್ದಕ್ಕೆ.

ಖುಷಿ ತಡೆಯದೆ ತೋರಿಸಿದೆ.
ಸೆರಗಿಗೆ ಕೈ ಒರೆಸಿಕೊಂಡು ನೋಡಿದಳು.
"ಇದು ನಂದಲ್ಲ ಬಿಡಪಾ.
ಮುಳ್ಳು ನೆಟ್ಟಗ ನಿಂತೈತಿ ನೋಡು.
ನಾ ಯಾವತ್ತರ ಹಂಗ ಕೊಟ್ಟೀನೇನ?
ಮಂದಿ ಏನಂದಾರು,
ಫಕೀರವ್ವನ ಕೈ ಬಿಗಿ ಆತಂತ?
ಅಳಸು ಅದನ್ನ."

ಹೌದು. ನಾನು ಒತ್ತಿದ ಮರುಗಳಿಗೆ
ಮತ್ತೊಂದು ಕಾಯಿ ಬಿದ್ದಿತ್ತು ಪರಡಿಗೆ,
ಮುಳ್ಳು ವಾಲಿತ್ತು ಗಿರಾಕಿಯ ಕಡೆ.
ಆಗ ನಾನು ಪುಟ್ಟ ಪರದೆಯಲ್ಲಿ
ನನ್ನ ಜಾಣತನ ನೋಡಿಕೊಳ್ಳುತ್ತಿದ್ದೆ.

ಅಳಿಸಲಿಲ್ಲ. ಅಳಿಸಿದೆ ಅಂತ ಹೇಳಿದೆ.
ನಂಬಿದಳೋ, ನಂಬಿದಂತೆ ಮಾಡಿದಳೋ,
"ತಗೋ" ಎಂದು ನಾಕು ಹಸಿಮೆಣಸಿನಕಾಯಿ
ಕ್ಯಾಮೆರಾ ಚೀಲಕ್ಕೇ ಹಾಕಿದಳು.
ನಾನು ಏನನ್ನೂ ಕೊಂಡಿರಲಿಲ್ಲ.

ಧಾರವಾಡದ ಚಿಗರಿ ಬಸ್ಸಿನಲ್ಲಿ
ಮತ್ತೆ ಆ ಚಿತ್ರ ತೆಗೆದು ನೋಡಿದೆ,
ಕಣ್ಣು ಉಜ್ಜಿಕೊಂಡೆ.
ಒಂದು ಕಾಯಿ ಚೀಲದಲ್ಲೇ ಮುರಿದಿತ್ತು.
ನವಲೂರು ದಾಟುವ ತನಕ ಉರಿಯಿತು.