ರಸೀದಿ

ಪಡುಬಿದ್ರೆ ದಾಟುವಾಗ ಕೈ ಅಡ್ಡ.
ಮೀನುನೀರು ಸೋರಿಸಿ
ಮಲ್ಪೆಯಿಂದಲೇ ಗೆರೆ ಎಳೆದು ಬಂದಿದ್ದೇನಂತೆ.
ಐನೂರು. ರಸೀದಿಗೂ ಬಂಗುಡೆ ವಾಸನೆ.

ಪೈಪು ತುಕ್ಕು ಹಿಡಿದದ್ದು ಧನಿಗೆ ಗೊತ್ತು,
ಆಟಿಯಿಂದ ಹೇಳುತ್ತಿದ್ದೇನೆ.
"ನೋಡುವ" ಎಂದರು. ನೋಡುತ್ತಲೇ ಇದ್ದಾರೆ.

ಹೇಳಿದರೆ ಬಾಟಾದಲ್ಲಿ ಮುರಿದುಕೊಳ್ಳುತ್ತಾರೆ;
ಹೇಳದಿದ್ದರೆ ಹೇಗೂ ನನ್ನದೇ ಕಿಸೆ.
ಲೆಕ್ಕ ಒಂದೇ, ಆದರೂ
ಕೂಳೂರು ಸೇತುವೆಯ ಸಾಲಿನಲ್ಲಿ ಸಿಕ್ಕಿಕೊಂಡು
ಮಾತು ಜೋಡಿಸುತ್ತಾ ಕೂತೆ.

ಧಕ್ಕೆಯಲ್ಲಿ ಪುರಂದರಣ್ಣ
ಮೊಬೈಲು ಬೋರಲು ಹಾಕಿ
"ದಾರಿಯಲ್ಲಿ ಏನೂ ತೊಂದರೆ ಇಲ್ಲವಲ್ಲ, ಹಂಝ?" ಎಂದರು.
ಗಾಡಿಯ ನಂಬರು ಅವರ ಹೆಸರಿಗೆ;
ಮೆಸೇಜು ನನಗಿಂತ ಮೊದಲೇ ಮುಟ್ಟಿರಬೇಕು.

"ಇಲ್ಲ" ಎಂದೆ.
"ಹಾಗಾದರೆ ಸರಿ" ಎಂದರು.

ಹೊರಗೆ ಗಾಡಿ ತೊಟ್ಟಿಕ್ಕುವುದು
ಇಬ್ಬರಿಗೂ ಕೇಳುತ್ತಿತ್ತು.